ರಕ್ತ ಪರೀಕ್ಷೆ ಬೇಡ, ಮೊದಲು ಗಾಳಿ ಪರೀಕ್ಷೆ ಮಾಡಿಸಿ

ಪತ್ರ: ನನ್ನ ತಮ್ಮ ಪೀಣ್ಯದಲ್ಲಿ ಹಳೆ ಪ್ಲಾಸ್ಟಿಕ್ ಪುಡಿ ಮಾಡಿ ದಾನಾ (ಮರುಬಳಕೆಯ ಪ್ಲಾಸ್ಟಿಕ್ ಕಾಳು) ತಯಾರಿಸುವ ಯೂನಿಟ್‌ನಲ್ಲಿ ಗ್ರೈಂಡರ್ ನೋಡಿಕೊಳ್ಳುತ್ತಾನೆ. ಸಂಜೆ ಮನೆಗೆ ಬಂದಾಗ ತಲೆಗೂದಲು, ಹುಬ್ಬು ಎಲ್ಲ ಬೆಳ್ಳಗಾಗಿರುತ್ತದೆ. ಕೆಲವು ತಿಂಗಳಿಂದ ಒಣಕೆಮ್ಮು. ಮನುಷ್ಯರ ರಕ್ತದಲ್ಲೂ ಶ್ವಾಸಕೋಶದಲ್ಲೂ ಮೈಕ್ರೋಪ್ಲಾಸ್ಟಿಕ್ (ತೀರಾ ಸಣ್ಣ ಪ್ಲಾಸ್ಟಿಕ್ ಕಣ) ಸಿಕ್ಕಿದೆ ಅಂತ ಟಿವಿಯಲ್ಲಿ ನೋಡಿದೆ. ಅವನಿಗೆ ರಕ್ತ ಪರೀಕ್ಷೆ ಮಾಡಿಸಬೇಕಾ? ಮಾಲೀಕರು ಬಟ್ಟೆ ಮಾಸ್ಕ್ ಕೊಟ್ಟಿದ್ದಾರೆ, ಅದು ಸಾಕಾ? ಕೆಲಸ ಬಿಡಿಸುವಷ್ಟು ಅನುಕೂಲ ನಮಗಿಲ್ಲ.
– ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ರಕ್ತ ಪರೀಕ್ಷೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ನೀವು ಟಿವಿಯಲ್ಲಿ ನೋಡಿದ ಸುದ್ದಿ ಸುಳ್ಳಲ್ಲ. 2022ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 22 ಜನರ ರಕ್ತ ನೋಡಿದರು, 17 ಜನರಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಆಪರೇಷನ್ ಆದವರ ಶ್ವಾಸಕೋಶದ 13 ಚೂರುಗಳನ್ನು ಪರೀಕ್ಷಿಸಿದಾಗ 11ರಲ್ಲಿ ಸಿಕ್ಕಿತು. ಆದರೆ ಇವು ಸಂಶೋಧನೆಗೆ ಮಾಡಿದ ಪರೀಕ್ಷೆಗಳು. ಎಷ್ಟಿದ್ದರೆ ಅಪಾಯ, ಎಷ್ಟಿದ್ದರೆ ಪರವಾಗಿಲ್ಲ ಎಂದು ಹೇಳುವ ಅಳತೆ ಇನ್ನೂ ಇಲ್ಲ. ಸಂಖ್ಯೆ ಕೈಗೆ ಬಂದರೂ ಅದನ್ನು ನೋಡಿ ಯಾವ ಡಾಕ್ಟರೂ ಔಷಧಿ ಬರೆಯಲಾರರು. ಸುಮ್ನೆ ದುಡ್ಡು ಹೋಗುತ್ತದೆ, ಭಯ ಉಳಿಯುತ್ತದೆ.

ಆ ದುಡ್ಡು ಮತ್ತು ಆ ಕಾಳಜಿ ಎರಡನ್ನೂ ನಿಮ್ಮ ತಮ್ಮ ಉಸಿರಾಡುವ ಗಾಳಿಯ ಕಡೆ ತಿರುಗಿಸಿ ಎನ್ನುವುದು ನನ್ನ ಸಲಹೆ. ಊರಿನ ಜನ ಅಲ್ಲೊಂದು ಇಲ್ಲೊಂದು ಕಣ ಸೇವಿಸಿದರೆ, ಕಣ ಹುಟ್ಟುವ ಜಾಗದಲ್ಲೇ ನಿಮ್ಮ ತಮ್ಮ ದಿನವಿಡೀ ನಿಂತಿರುತ್ತಾನೆ. ಮೈಕ್ರೋಪ್ಲಾಸ್ಟಿಕ್ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆಯುತ್ತಿದೆ. ಮೀನು, ಉಪ್ಪು, ನೀರಿನ ಬಾಟಲಿ ಎಲ್ಲದರ ಮಾತೂ ಬರುತ್ತದೆ. ಎಲ್ಲರಿಗಿಂತ ಜಾಸ್ತಿ ಸೇವಿಸುವ ಕಾರ್ಮಿಕನ ಮಾತು ಬರುವುದು ಅಪರೂಪ. ನಿಮ್ಮ ಪತ್ರ ಓದಿ ಇದಕ್ಕೆ ಉದ್ದವಾಗಿಯೇ ಉತ್ತರ ಬರೆಯಬೇಕು ಅನ್ನಿಸಿದ್ದು ಅದಕ್ಕೇ.

ಪ್ಲಾಸ್ಟಿಕ್ ಧೂಳಿನಿಂದ ಕಾರ್ಮಿಕರಿಗೆ ಕಾಯಿಲೆ ಬರಬಹುದು ಎನ್ನುವುದು ಹೊಸ ವಿಷಯವಲ್ಲ. ಸಿಂಥೆಟಿಕ್ ನೂಲಿನ ಕೆಲಸದ ಏಳು ಜನರ ಶ್ವಾಸಕೋಶದ ತೊಂದರೆಯನ್ನು ಪೋರ್ಚುಗಲ್‌ನ ವೈದ್ಯರು 1975ರಲ್ಲೇ ವರದಿ ಮಾಡಿದ್ದರು. ಬ್ರಿಟನ್ನಿನ ಪಿವಿಸಿ ಕಾರ್ಖಾನೆಯ ಕಾರ್ಮಿಕರಲ್ಲಿ ಧೂಳು ಹೆಚ್ಚಾದಂತೆ ಉಸಿರಿನ ಶಕ್ತಿ ಸ್ವಲ್ಪ ಕುಗ್ಗಿದ್ದು 1980ರಲ್ಲಿ ಕಂಡಿತು. ಆದರೆ ನಾವೆಲ್ಲ ಚೆನ್ನಾಗಿ ತಿಳಿಯಬೇಕಾದ ಕಥೆ ಅಮೆರಿಕದ ರೋಡ್ ಐಲೆಂಡ್‌ನದು.

ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫ್ಲಾಕ್ ಎಂಬ ಸರಕು ತಯಾರಾಗುತ್ತಿತ್ತು. ನೈಲಾನ್ ಎಳೆಗಳನ್ನು ತೀರಾ ಚಿಕ್ಕದಾಗಿ ಕತ್ತರಿಸಿ, ಅಂಟು ಹಚ್ಚಿದ ಬಟ್ಟೆಯ ಮೇಲೆ ಕೂರಿಸುತ್ತಾರೆ. ಸೋಫಾ, ಕಾರ್ ಸೀಟುಗಳ ಮಖಮಲ್ಲಿನಂಥ ಬಟ್ಟೆ ಹೀಗೆ ಆಗುತ್ತದೆ. 1994ರಲ್ಲಿ ಆ ಕಾರ್ಖಾನೆಯ ಕೆಲಸಗಾರನೊಬ್ಬ ಉಸಿರು ಸಿಗುತ್ತಿಲ್ಲ ಎಂದು ಡೇವಿಡ್ ಕರ್ನ್ ಎಂಬ ವೈದ್ಯರ ಬಳಿ ಬಂದ. ಕರ್ನ್ ಕಾರ್ಖಾನೆಗೇ ಹೋಗಿ ನೋಡಿದರು, ಕಾರಣ ಹೊಳೆಯಲಿಲ್ಲ. 1996ರಲ್ಲಿ ಅದೇ ಜಾಗದಿಂದ ಇನ್ನೊಬ್ಬ ಬಂದ. ಕೆದಕಿದಾಗ ಇನ್ನೂ ಹಲವರು ಸಿಕ್ಕರು. ಶ್ವಾಸಕೋಶದ ಗಾಳಿಗೂಡುಗಳ ನಡುವಿನ ಅಂಗಾಂಶ ಊದಿ ಗಟ್ಟಿಯಾಗುವ ಕಾಯಿಲೆ ಅದು. ಸಾಮಾನ್ಯ ಜನರಿಗೆ ಹೋಲಿಸಿದರೆ ಆ ಕಾರ್ಖಾನೆಯಲ್ಲಿ ಕನಿಷ್ಠ 48 ಪಟ್ಟು ಜಾಸ್ತಿ ಇತ್ತು. ಅದೇ ಕಂಪನಿಯ ಕೆನಡಾ ಘಟಕದಲ್ಲಿ ಅದಕ್ಕೂ ಮೊದಲೇ ಐದು ಜನರಿಗೆ ಹೀಗೇ ಆಗಿತ್ತು. ಆಗ ಬೂಷ್ಟಿನ ವಿಷ ಇರಬೇಕು ಎಂದು ತಿಳಿದಿದ್ದರು.

ನೈಲಾನ್ ಮೇಲೆ ಯಾರಿಗೂ ಅನುಮಾನ ಬರದಿರಲು ಕಾರಣವಿತ್ತು. ಫ್ಲಾಕ್ ಎಳೆ ಸುಮಾರು 10ರಿಂದ 15 ಮೈಕ್ರಾನ್ ದಪ್ಪ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಅಷ್ಟು ದಪ್ಪದ್ದು ಮೂಗು ಗಂಟಲಲ್ಲೇ ತಡೆಯುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಆದರೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಷ್‌ನ ತಜ್ಞರು ಗಾಳಿಯ ಮಾದರಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಬೇರೆಯೇ ಕಂಡಿತು. ಮೊಂಡು ಇಳಿಗೆಮಣೆಯಲ್ಲಿ ಬಾಳೆದಿಂಡು ಹೆಚ್ಚಿದರೆ ತುದಿಯಲ್ಲಿ ನಾರು ನೇತಾಡುತ್ತದಲ್ಲ, ಹಾಗೆ ತಿರುಗುವ ಬ್ಲೇಡಿನ ಯಂತ್ರ ನೈಲಾನನ್ನು ಕತ್ತರಿಸುವಾಗ ತುದಿಗಳಲ್ಲಿ ಸಣ್ಣ ಬಾಲಗಳು ಉಳಿಯುತ್ತಿದ್ದವು. ಅವು ಕಳಚಿ ಗಾಳಿಗೆ ಸೇರುತ್ತಿದ್ದವು. ಶ್ವಾಸಕೋಶದ ಆಳಕ್ಕೆ ಹೋಗುವಷ್ಟು ಸಣ್ಣವು. ನೇರವಾಗಿ ಮೇಲಿಂದ ಕತ್ತರಿಸುವ ಯಂತ್ರದಲ್ಲಿ ಈ ತೊಂದರೆ ತುಂಬಾ ಕಡಿಮೆ.

ಅತಿ ಹೆಚ್ಚು ಧೂಳು ಎದ್ದಿದ್ದು ಯಾವಾಗ ಗೊತ್ತಾ? ಕಂಪ್ರೆಸರ್ ಗಾಳಿ ಹೊಡೆದು ಯಂತ್ರ ಸ್ವಚ್ಛ ಮಾಡುವಾಗ. ನಿಮ್ಮ ತಮ್ಮನನ್ನು ಈಗಲೇ ಕೇಳಿ, ಅವರ ಯೂನಿಟ್‌ನಲ್ಲಿ ಏರ್ ಗನ್ ಇದೆಯಾ? ಶಿಫ್ಟ್ ಮುಗಿದ ಮೇಲೆ ಗ್ರೈಂಡರಿಗೆ, ನೆಲಕ್ಕೆ, ಕೊನೆಗೆ ಮೈಮೇಲಿನ ಬಟ್ಟೆಗೂ ಗಾಳಿ ಹೊಡೆದುಕೊಳ್ಳುತ್ತಾರಾ? ಹೌದಾದರೆ ಇವತ್ತೇ ನಿಲ್ಲಿಸಬಹುದಾದ ಅಪಾಯ ಅದು. ನಿಲ್ಲಿಸಲು ಖರ್ಚೂ ಇಲ್ಲ.

ಕರ್ನ್ ಅವರಿಗೆ ಆದದ್ದನ್ನೂ ಹೇಳಿಬಿಡುತ್ತೇನೆ. ಹಿಂದೆ ಸಹಿ ಹಾಕಿಸಿಕೊಂಡ ಗೋಪ್ಯತೆಯ ಕರಾರನ್ನು ಮುಂದಿಟ್ಟು ಕಂಪನಿ ಅವರ ಬಾಯಿ ಮುಚ್ಚಿಸಲು ನೋಡಿತು. ಅವರು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯವೂ ಬೆಂಬಲಕ್ಕೆ ನಿಲ್ಲಲಿಲ್ಲ. ಆದರೂ ಅವರು 1997ರಲ್ಲಿ ವೈದ್ಯರ ಸಮ್ಮೇಳನದಲ್ಲಿ ವಿಷಯ ಮಂಡಿಸಿದರು. ಅವರ ಕೆಲಸದ ಒಪ್ಪಂದ ಮುಂದುವರಿಯಲಿಲ್ಲ. 1998ರಲ್ಲಿ ಲೇಖನ ಪ್ರಕಟವಾಯಿತು, ಕಾಯಿಲೆಗೆ ಹೆಸರು ಬಂತು. ಧೂಳಿನಿಂದ ದೂರ ಹೋದ ಹಲವರಿಗೆ ಉಸಿರು ಸುಧಾರಿಸಿತು. ಒಬ್ಬ ವೈದ್ಯ ಮಾತಾಡದೆ ಇದ್ದಿದ್ದರೆ ಅವರೆಲ್ಲ ಅದೇ ಗಾಳಿಯಲ್ಲಿ ಇನ್ನೆಷ್ಟು ದಿನ ಇರುತ್ತಿದ್ದರೋ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ದಯವಿಟ್ಟು ಹೆದರಬೇಡಿ. ನಿಮ್ಮ ತಮ್ಮನ ಕೆಲಸ ನೈಲಾನ್ ಫ್ಲಾಕ್‌ನದಲ್ಲ, ಅವನಿಗೆ ಅದೇ ಕಾಯಿಲೆ ಎಂದು ನಾನು ಹೇಳುತ್ತಿಲ್ಲ. ಆ ಕಥೆ ಹೇಳಿದ್ದು ‘ಪ್ಲಾಸ್ಟಿಕ್ ತಾನೇ, ಏನೂ ಆಗಲ್ಲ’ ಎನ್ನುವವರಿಗೆ ಉತ್ತರ ಇರಲಿ ಎಂದು.

ಈಗ ಅಳೆಯುವ ವಿಷಯ. ಮೈಕ್ರೋಪ್ಲಾಸ್ಟಿಕ್ ಎಣಿಸುವ ದುಬಾರಿ ಯಂತ್ರಗಳಿವೆ. ಇನ್‌ಫ್ರಾರೆಡ್ ಬೆಳಕು ಬಳಸುವ ಎಫ್‌ಟಿಐಆರ್ ಮೈಕ್ರೋಸ್ಕೋಪ್ ಒಂದೊಂದು ಕಣವೂ ಯಾವ ಪ್ಲಾಸ್ಟಿಕ್ ಎಂದು ಹೇಳುತ್ತದೆ, ಆದರೆ ಸುಮಾರು 10 ಮೈಕ್ರಾನ್‌ಗಿಂತ ಸಣ್ಣದು ಅದರ ಕಣ್ಣಿಗೆ ಬೀಳುವುದು ಕಷ್ಟ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಮುಖ್ಯವಾಗಿ 4 ಮೈಕ್ರಾನ್ ಆಸುಪಾಸಿನದು ಮತ್ತು ಅದಕ್ಕಿಂತ ಸಣ್ಣದು. ಅಂದರೆ ನಮಗೆ ಬೇಕಾದದ್ದೇ ಅದಕ್ಕೆ ಕಾಣುವುದಿಲ್ಲ. ಸಿ.ವಿ. ರಾಮನ್ 1928ರಲ್ಲಿ ಕಂಡುಕೊಂಡ ಬೆಳಕಿನ ಗುಣವನ್ನು ಬಳಸುವ ರಾಮನ್ ಮೈಕ್ರೋಸ್ಕೋಪ್ 1 ಮೈಕ್ರಾನ್‌ವರೆಗೂ ನೋಡಬಲ್ಲದು. ಆದರೆ ಕೆಲಸ ನಿಧಾನ, ಪೀಣ್ಯದ ಯೂನಿಟ್‌ಗೆ ಅದು ಬರುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ.

ಹಳೆಯ ವಿಧಾನವೇ ಸಾಕು. ಸೊಂಟದ ಬೆಲ್ಟಿಗೆ ಒಂದು ಸಣ್ಣ ಪಂಪ್. ಅದರಿಂದ ಟ್ಯೂಬ್ ಮೇಲೆ ಬಂದು ಕಾಲರಿನ ಹತ್ತಿರ, ಮೂಗಿನಿಂದ ಒಂದಡಿಯೊಳಗೆ ಇರುತ್ತದೆ. ಅಲ್ಲಿ ಸೈಕ್ಲೋನ್ ಎಂಬ ಪುಟ್ಟ ಸಾಧನ ದಪ್ಪ ಕಣಗಳನ್ನು ಕೆಳಗೆ ಬೀಳಿಸಿ, ಸಣ್ಣವನ್ನು ಮಾತ್ರ ಫಿಲ್ಟರಿಗೆ ಕಳಿಸುತ್ತದೆ. ಕೆಲಸಕ್ಕೆ ಮೊದಲು ಮತ್ತು ಆಮೇಲೆ ಫಿಲ್ಟರ್ ತೂಗುತ್ತಾರೆ. ಪಂಪ್ ನಿಮಿಷಕ್ಕೆ 1.7 ಲೀಟರ್ ಎಳೆದರೆ ಎಂಟು ಗಂಟೆಗೆ 816 ಲೀಟರ್ ಗಾಳಿ (ಒಂದು ಘನ ಮೀಟರ್ ಎಂದರೆ 1000 ಲೀಟರ್). ಫಿಲ್ಟರಿನ ಮೇಲೆ 2 ಮಿಲಿಗ್ರಾಂ ಕೂತಿದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 2.5 ಮಿಲಿಗ್ರಾಂ ಸಣ್ಣ ಧೂಳು ಇದೆ ಎಂದಾಯಿತು. ಗೋಡೆಗೆ ಯಂತ್ರ ನೇತುಹಾಕಿ ಅಳೆದರೆ ಗೋಡೆಯ ಗಾಳಿ ಗೊತ್ತಾಗುತ್ತದೆ ಅಷ್ಟೇ. ಗ್ರೈಂಡರಿಗೆ ಬಗ್ಗಿ ಸ್ಕ್ರ್ಯಾಪ್ ಸುರಿಯುವವನು ಉಸಿರಾಡುವುದು ಬೇರೆ ಗಾಳಿ.

ಆ 2.5 ಒಳ್ಳೆಯದಾ ಕೆಟ್ಟದ್ದಾ? ಮೈಕ್ರೋಪ್ಲಾಸ್ಟಿಕ್‌ಗೆಂದೇ ಪ್ರತ್ಯೇಕ ಮಿತಿ ಇಲ್ಲ. ಅಮೆರಿಕದ ಕಾನೂನಿನಲ್ಲಿ ಈ ಬಗೆಯ ಸಾಮಾನ್ಯ ಸಣ್ಣ ಧೂಳಿಗೆ ಘನ ಮೀಟರಿಗೆ 5 ಮಿಲಿಗ್ರಾಂ ಮಿತಿ. ಜರ್ಮನಿಯಲ್ಲಿ 1.25. ಒಂದೇ ಗಾಳಿ ಒಂದು ದೇಶದಲ್ಲಿ ಪಾಸು, ಇನ್ನೊಂದರಲ್ಲಿ ಎರಡು ಪಟ್ಟು ಜಾಸ್ತಿ. ಅದರ ಮೇಲೆ ಇನ್ನೊಂದು ವಿಷಯ ಇದೆ. ಜರ್ಮನಿಯ ಮಿತಿಯನ್ನು ಕಲ್ಲಿನಷ್ಟು ಭಾರದ ಧೂಳನ್ನು ಲೆಕ್ಕಕ್ಕೆ ಹಿಡಿದು ಮಾಡಿದ್ದಾರೆ. ಪಾಲಿಥಿನ್ ನೀರಿಗಿಂತ ಹಗುರ. ಅದೇ ತೂಕದಲ್ಲಿ ಅದೇ ಗಾತ್ರದ ಕಣಗಳು ಎರಡು ಪಟ್ಟಿಗಿಂತ ಹೆಚ್ಚಿರುತ್ತವೆ. ಹಾಗಾಗಿ ಪ್ಲಾಸ್ಟಿಕ್ ಧೂಳಿಗೆ ಕಡಿಮೆ ಮಿತಿಯನ್ನೇ ಗುರಿ ಇಟ್ಟುಕೊಳ್ಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. 5ರೊಳಗಿದೆ ಎಂದು ಕಾಗದ ತೋರಿಸಿದರೆ ಅಷ್ಟಕ್ಕೇ ಸಮಾಧಾನ ಪಡಬೇಡಿ.

ಧೂಳು ತಗ್ಗಿಸುವ ದಾರಿ ಹೇಳುತ್ತೇನೆ. ಗ್ರೈಂಡರಿನ ಬಾಯಿಗೆ ಮತ್ತು ಪುಡಿ ಬೀಳುವ ಜಾಗಕ್ಕೆ ಮುಚ್ಚಳ, ಅಲ್ಲಿಂದಲೇ ಧೂಳು ಎಳೆಯುವ ಡಕ್ಟ್ ಬೇಕು. ಗೋಡೆಯ ಎಕ್ಸಾಸ್ಟ್ ಫ್ಯಾನ್ ಅದಕ್ಕೆ ಬದಲಿಯಲ್ಲ, ಅದು ಧೂಳನ್ನು ನಿಮ್ಮ ತಮ್ಮನ ಮುಖದ ಮುಂದಿನಿಂದಲೇ ಹಾಯಿಸಿ ಹೊರಗೆ ಕಳಿಸುತ್ತದೆ. ಬ್ಲೇಡ್ ಹರಿತವಾಗಿರಬೇಕು. ನೀರು ಹರಿಸಿ ಪುಡಿ ಮಾಡಿದರೆ ಗಾಳಿಯ ಧೂಳು ತುಂಬಾ ಇಳಿಯುತ್ತದೆ, ಆದರೆ ಆ ನೀರನ್ನು ಸೋಸದೆ ಮೋರಿಗೆ ಬಿಟ್ಟರೆ ತೊಂದರೆಯನ್ನು ಕೆರೆಗೆ ಸಾಗಿಸಿದಂತೆ. ಪೊರಕೆಯ ಬದಲು ಒಳ್ಳೆಯ ಫಿಲ್ಟರಿನ ವ್ಯಾಕ್ಯೂಮ್, ಇಲ್ಲವೇ ಒದ್ದೆ ಬಟ್ಟೆ.

ಮಾಲೀಕರು ಖರ್ಚಿನ ಮಾತೆತ್ತಿದರೆ ಬೆಂಕಿಯ ಮಾತು ಹೇಳಿ. 2003ರ ಜನವರಿ 29ರಂದು ಅಮೆರಿಕದ ನಾರ್ತ್ ಕೆರೊಲಿನಾದ ಕಿನ್‌ಸ್ಟನ್‌ನಲ್ಲಿ ರಬ್ಬರ್ ಸಾಮಾನು ಮಾಡುವ ಕಾರ್ಖಾನೆಯೊಂದು ಸ್ಫೋಟಗೊಂಡು ಆರು ಜನ ಸತ್ತರು. ಸಿಡಿದದ್ದು ಪಾಲಿಥಿನ್ ಪುಡಿ. ನೆಲ ಗುಡಿಸಿ ಚೊಕ್ಕಟವಾಗಿತ್ತು, ಧೂಳು ತೂಗು ಛಾವಣಿಯ ಮೇಲೆ ಕಾಣದಂತೆ ಕೂತಿತ್ತು.

ಮಾಸ್ಕ್ ಬಗ್ಗೆ ಕೇಳಿದಿರಿ. ಬಟ್ಟೆ ಮಾಸ್ಕ್ ಸಾಲದು. ಐಎಸ್ 9473 ಎಂಬ ಭಾರತೀಯ ಮಾನಕದ ಗುರುತಿರುವ, ಧೂಳು ಸೋಸುವ ಎಫ್‌ಎಫ್‌ಪಿ2 ಮಾಸ್ಕ್ ಕೇಳಿ. ಕೆನ್ನೆಗೆ ಬಿಗಿಯಾಗಿ ಕೂರಬೇಕು, ಗಡ್ಡ ಇದ್ದರೆ ಕೂರುವುದಿಲ್ಲ. ಸೆಕೆಯಲ್ಲಿ ಎಂಟು ಗಂಟೆ ಅದನ್ನು ಹಾಕಿಕೊಂಡು ದುಡಿಯುವುದು ಎಷ್ಟು ಕಷ್ಟ ಎಂದು ಯೋಚಿಸಿ. ಅದಕ್ಕೇ ಡಕ್ಟ್ ಮೊದಲು, ಮಾಸ್ಕ್ ಆಮೇಲೆ.

ಇದು ಮಾಲೀಕರ ಔದಾರ್ಯವೂ ಅಲ್ಲ. ಧೂಳು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಅದನ್ನು ಎಳೆದು ತೆಗೆಯಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್ ಹೇಳಿತ್ತು. ಅದೇ ಕಾಯ್ದೆಯ ಮೂರನೇ ಪಟ್ಟಿಯಲ್ಲಿ, ಅಂದರೆ ಇಲಾಖೆಗೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ, ಹತ್ತಿ ಧೂಳಿನ ಬಿಸಿನೋಸಿಸ್ ಇತ್ತು, ಕಲ್ಲಿನ ಧೂಳಿನ ಸಿಲಿಕೋಸಿಸ್ ಇತ್ತು. ಪ್ಲಾಸ್ಟಿಕ್ ಧೂಳಿನ ಹೆಸರಿರಲಿಲ್ಲ. ಆ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಜಾಗದಲ್ಲಿ 10 ಜನರಿದ್ದರೆ ಕಾರ್ಖಾನೆ ಎನಿಸುತ್ತಿತ್ತು, ಅದರ ಜಾಗಕ್ಕೆ ಬಂದ 2020ರ ಕಾರ್ಮಿಕರ ಸುರಕ್ಷತೆ, ಆರೋಗ್ಯದ ಸಂಹಿತೆಯಲ್ಲಿ ಅದು 20 ಆಗಿದೆ. ಗ್ರೈಂಡಿಂಗ್ ಯೂನಿಟ್‌ಗಳಂಥ ಸಣ್ಣ ಜಾಗಗಳಲ್ಲಿ ದುಡಿಯುವವರಿಗೆ ಇದರಿಂದ ಅನ್ಯಾಯವಾಗುತ್ತದೆ ಎಂದೇ ನನ್ನ ಭಾವನೆ. ಆದರೂ ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಬರೆಯಿರಿ. ದೇವನಹಳ್ಳಿ ತಾಲ್ಲೂಕಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಔದ್ಯೋಗಿಕ ಆರೋಗ್ಯ ಕೇಂದ್ರ ಇದೆ, ಅವರ ಸಲಹೆಯನ್ನೂ ಕೇಳಬಹುದು.

ಕೆಮ್ಮನ್ನು ಮಾತ್ರ ಮುಂದೂಡಬೇಡಿ. ತಮ್ಮನಿಗೆ ಇಎಸ್ಐ ಕಾರ್ಡ್ ಇದ್ದರೆ ಈ ವಾರವೇ ಕಳಿಸಿ, ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಎದೆರೋಗ ವಿಭಾಗಕ್ಕೆ. ಜೋರಾಗಿ ಊದಿಸಿ ಮಾಡುವ ಸ್ಪೈರೋಮೆಟ್ರಿ ಪರೀಕ್ಷೆ ಆಗಲಿ, ಅದರ ಕಾಗದ ಜೋಪಾನವಾಗಿರಲಿ. ಮುಂದಿನ ವರ್ಷ ಹೋಲಿಸಲು ಅದು ಬೇಕು. ಎಕ್ಸ್-ರೇ ಸರಿಯಿದೆ ಎಂದ ಮಾತ್ರಕ್ಕೆ ಮುಗಿಯಲಿಲ್ಲ, ಈ ಬಗೆಯ ಕಾಯಿಲೆ ಎಕ್ಸ್-ರೇಯಲ್ಲಿ ಕಾಣದೆಯೂ ಇರಬಹುದು. ನಮ್ಮಲ್ಲಿ ಕಲ್ಲಿನ ಧೂಳಿನ ಕಾಯಿಲೆಗೆ ಟಿಬಿ ಔಷಧಿ ತಿಂದವರು ಎಷ್ಟೋ ಜನ. ಡಾಕ್ಟರು ಕೇಳದಿದ್ದರೂ ತಮ್ಮನೇ ಹೇಳಬೇಕು: ಏನು ಪುಡಿ ಮಾಡುತ್ತೇನೆ, ಎಷ್ಟು ವರ್ಷದಿಂದ, ರಜೆ ಇದ್ದಾಗ ಕೆಮ್ಮು ತಗ್ಗುತ್ತದಾ ಇಲ್ಲವಾ.

ಪುಡಿ ಮಾಡುವ, ನೂಲು ಕತ್ತರಿಸುವ, ಪಿವಿಸಿ ಪೌಡರ್ ಸುರಿಯುವ ಕೆಲಸದಲ್ಲಿರುವ ಬೇರೆ ಓದುಗರೂ ನಮಗೆ ಬರೆಯಿರಿ. ನಿಮ್ಮ ಯೂನಿಟ್‌ನಲ್ಲಿ ಯಾರಾದರೂ ಯಾವತ್ತಾದರೂ ಕಾಲರಿಗೆ ಪಂಪ್ ಸಿಕ್ಕಿಸಿ ಗಾಳಿ ಅಳೆದಿದ್ದಾರಾ, ಅಳೆದಿದ್ದರೆ ಫಲಿತಾಂಶ ನಿಮಗೆ ತೋರಿಸಿದರಾ ಎಂದು ತಿಳಿಸಿ. ಹೆಸರು ಬೇಡ ಎಂದವರ ಹೆಸರು, ಕಾರ್ಖಾನೆಯ ಹೆಸರು ಎರಡನ್ನೂ ಪ್ರಕಟಿಸುವುದಿಲ್ಲ.

– ಸಂ.