ಗುಟ್ಟಾಗಿ ಔಷಧ ಬೆರೆಸಿ ಕುಡಿತ ಬಿಡಿಸಬೇಡಿ

(ವ್ಯಕ್ತಿಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದೆ.)

ಬೆಟಗೇರಿಯ ನೇಕಾರ ಕುಟುಂಬದ ಹೆಣ್ಣುಮಗಳೊಬ್ಬರು ಹೆಸರಿಲ್ಲದ ಒಂದು ಪುಡಿಯ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟರು. “ಮೇಡಂ, ಅವರಿಗೆ ಗೊತ್ತಾಗದ ಹಾಗೆ ಇದನ್ನು ಚಹಾಕ್ಕೆ ಹಾಕಿದರೆ ಕುಡಿಯುವುದನ್ನು ಬಿಡುತ್ತಾರಂತೆ. ದಿನಕ್ಕೆ ಎಷ್ಟು ಹಾಕಬೇಕು, ಅದನ್ನೊಂದು ಹೇಳಿ.”

ಇಂಥ ಪುಡಿಗಳಲ್ಲಿ ಡೈಸಲ್ಫಿರಾಮ್ ಇರುವುದುಂಟು. ಹೊಟ್ಟೆಗೆ ಹೋದ ಮದ್ಯ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ಕರಗುತ್ತದೆ. ಈ ಔಷಧ ವಿಷವನ್ನು ಕರಗಲು ಬಿಡುವುದಿಲ್ಲ. ತಿಳಿದು ನುಂಗಿದವನು, ಕುಡಿದರೆ ಆ ವಿಷ ಮೈಯಲ್ಲಿ ಉಳಿಯುತ್ತದೆ ಎಂಬ ಭಯಕ್ಕೆ ಕುಡಿಯದೆ ಇರುತ್ತಾನೆ. ತಿಳಿಯದೆ ನುಂಗಿದವನು ಎಂದಿನಂತೆ ಕುಡಿಯುತ್ತಾನೆ. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ನುಂಗಿ 14 ದಿನ ಕಳೆಯುವವರೆಗೂ ಈ ಅಪಾಯ ಉಳಿಯಬಹುದು. ಮನೆಯಲ್ಲಿ ಯಾರಾದರೂ ಹೀಗೆ ಕೊಡುತ್ತಿದ್ದರೆ ಇಂದೇ ನಿಲ್ಲಿಸಿ, ಪೊಟ್ಟಣವನ್ನು ವೈದ್ಯರಿಗೆ ತೋರಿಸಿ.

ಆಕೆಯ ಗಂಡ ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಿದ್ದರು. 180 ಮಿ.ಲೀ.ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರವಿರುತ್ತದೆ. ಬೆಳಿಗ್ಗೆ ಮಗ್ಗದ ಮುಂದೆ ಕುಳಿತರೆ ಹಾಸಿನಲ್ಲಿ ಕಡಿದ ಎಳೆಯನ್ನು ಹಿಡಿದು ಗಂಟು ಹಾಕಲು ಬೆರಳು ನಿಲ್ಲುತ್ತಿರಲಿಲ್ಲ. ಒಂದು ನೈಂಟಿ ಒಳಗೆ ಹೋದ ಮೇಲೆ ಅದೇ ಬೆರಳು ಸಲೀಸಾಗಿ ಗಂಟು ಹಾಕುತ್ತಿತ್ತು. “ಕುಡಿದರೇ ಕೈ ಓಡುತ್ತದೆ” ಎಂಬ ಅವರ ಮಾತನ್ನು ಮನೆಯವರು ನೆಪವೆಂದು ತಿಳಿದಿದ್ದರು. ಅದು ನೆಪವಾಗಿರಲಿಲ್ಲ. ದೇಹ ಮದ್ಯಕ್ಕೆ ಒಗ್ಗಿಹೋಗಿತ್ತು.

ಹಿಂದಿನ ವರ್ಷ ದೇವರಗುಡ್ಡಕ್ಕೆ ಕರೆದೊಯ್ದು ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ್ದರಂತೆ. ಅಂದೇ ಬಿಟ್ಟರು. ಎರಡನೆಯ ದಿನ ಫಿಟ್ಸ್ ಬಂತು. ಆಣೆ ತಪ್ಪಿರಬೇಕು, ಅದಕ್ಕೇ ದೇವರ ಕಾಟ ಎಂದರು ಹಿರಿಯರು. ನನಗೆ ಬಹಳ ಸಂಕಟವಾದದ್ದು ಇಲ್ಲಿಯೇ: ಫಿಟ್ಸ್ ಬಂದದ್ದು ಆಣೆಯನ್ನು ಪಾಲಿಸಿದ್ದರಿಂದ. ವರ್ಷಗಟ್ಟಲೆ ಹೀಗೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವುದು, ಬಡಬಡಿಸುವುದು, ಮೈ ವಿಪರೀತ ಬೆವರುವುದು ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಆಕೆಗೆ ನಾನು ಹೇಳಿದ್ದಿಷ್ಟು. ನಶೆಯಲ್ಲಿರುವಾಗ ವಾದಕ್ಕಿಳಿಯಬೇಡಿ. ಬಾರಿನ ಉದ್ರಿಯನ್ನು ನೀವು ತೀರಿಸಬೇಡಿ, ಮಾಲೀಕರಿಗೆ “ಜ್ವರ ಬಂದಿದೆ” ಎಂದು ಸುಳ್ಳು ಹೇಳಬೇಡಿ. ಕಡಿಮೆ ಕುಡಿದು ಬೇಗ ಬಂದ ಸಂಜೆ ಜೊತೆಗೆ ಕೂತು ಊಟ ಮಾಡಿ, ಹೀಗೆ ಬಂದದ್ದು ಖುಷಿಯಾಯಿತೆಂದು ಬಾಯಿಬಿಟ್ಟು ಹೇಳಿ. ಕೈ ಎತ್ತಿದರೆ ಮಾತ್ರ ಇದೆಲ್ಲ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಇದು ಹೆಂಡತಿಯ ತಲೆಗೆ ಇನ್ನೊಂದು ಹೊರೆಯಲ್ಲವೇ ಎಂದು ಕೇಳುವವರಿದ್ದಾರೆ. ಹೊರೆ ಆಕೆಯ ತಲೆಯ ಮೇಲೆ ಮೊದಲೇ ಇತ್ತು. ಅದನ್ನು ಹೊರುವ ರೀತಿ ಬದಲಾಯಿತಷ್ಟೆ. ಅಮೆರಿಕದಲ್ಲಿ ಚಿಕಿತ್ಸೆ ಒಲ್ಲದ ಕುಡುಕರ 130 ಮನೆಯವರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಮನೆಯವರಿಗೆ ಈ ಬಗೆಯ ತರಬೇತಿ ಕೊಟ್ಟಾಗ ಶೇ 64ರಷ್ಟು ಮಂದಿ ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರು ಕೂರಿಸಿ ಕೇಳುವ ವಿಧಾನದಲ್ಲಿ ಬಂದವರು ಶೇ 30.

ಕೆಲವು ವಾರಗಳ ನಂತರ ಗಂಡ ಬಂದರು. ಬುದ್ಧಿಮಾತು ಕೇಳಲು ಸಿದ್ಧರಾಗಿಯೇ ಬಂದಂತಿತ್ತು. ಕುಡಿತದಿಂದ ನಿಮಗೇನು ಒಳ್ಳೆಯದಾಗುತ್ತದೆ ಎಂದು ಕೇಳಿದೆ.

“ಕೈ ನಿಲ್ಲುತ್ತದೆ. ನಿದ್ದೆ ಬರುತ್ತದೆ.”

“ಮತ್ತೆ, ಕಳೆದುಕೊಂಡದ್ದು?”

“ಮಗಳು ಪಕ್ಕದಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು. ಈಗ ನಾನು ಒಳಗೆ ಬಂದರೆ ಎದ್ದು ಹೋಗುತ್ತಾಳೆ.”

ನಾನು ಹೇಳಬೇಕೆಂದುಕೊಂಡಿದ್ದ ಯಾವ ಕಾರಣಕ್ಕೂ ಈ ತೂಕವಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಬರೆದ ಲೇಖನದಿಂದ ಬೆಳೆದ ಸಂದರ್ಶನ ಪದ್ಧತಿ ಹೇಳುವುದೂ ಇದನ್ನೇ: ಬಿಡಬೇಕಾದ ಕಾರಣವನ್ನು ಕುಡಿಯುವವರೇ ನುಡಿಯಬೇಕು.

ಮೊದಲು ಫಿಟ್ಸ್ ಬಂದಿದ್ದರಿಂದ ಮನೆಯಲ್ಲೇ ಬಿಡಿಸುವ ಮಾತನ್ನು ನಾನು ಒಪ್ಪಲಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳುಹಿಸಿದೆ. ಅಲ್ಲಿ ಥಯಾಮಿನ್ (ವಿಟಮಿನ್ ಬಿ1) ಚುಚ್ಚುಮದ್ದು ಕೊಟ್ಟು, ನಡುಕ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಬಂದರು. ನಂತರ ಡೈಸಲ್ಫಿರಾಮ್ ವಿಷಯವನ್ನೂ ವೈದ್ಯರು ಅವರ ಮುಂದೆಯೇ ಬಿಡಿಸಿ ಹೇಳಿದರು. ಅವರು ಬೇಡವೆಂದರು; ಯಕೃತ್ತಿನ ಪರೀಕ್ಷೆಯ ಬಳಿಕ, ಕುಡಿಯುವ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್ ಆರಿಸಿಕೊಂಡರು.

ಒಂದು ಶನಿವಾರ ಬಟವಡೆಯಾದ ಮೇಲೆ ಜೊತೆಗಾರರೊಂದಿಗೆ ಮತ್ತೆ ಕುಡಿದರು. “ಎಲ್ಲ ನೀರಿನಲ್ಲಿ ಹೋಮವಾಯಿತು” ಎಂದು ಆಕೆ ಅತ್ತರು. ಇಲ್ಲ, ಹಾಗೇನೂ ಆಗಿಲ್ಲ ಎಂದೆ. ಮಾತ್ರೆ ತಪ್ಪಿಸಬಾರದು, ಮರುದಿನವೇ ಇಲ್ಲಿಗೆ ಬರಬೇಕು ಎಂದು ಹೇಳಿದೆ. ಬಂದರು. ನಗದು ಕೈಗೆ ಬಂದ ಮೇಲಿನ ಒಂದು ಗಂಟೆಯೇ ತಮಗೆ ಕಷ್ಟ ಎಂದು ಅವರೇ ಗುರುತಿಸಿದರು. ಕೂಲಿಯನ್ನು ಹೆಂಡತಿಯ ಖಾತೆಗೆ ಹಾಕಲು ಮಾಲೀಕರನ್ನು ತಾವೇ ಕೇಳಿಕೊಂಡರು. ಶನಿವಾರ ಸಂಜೆ ಮಗಳನ್ನು ಕರೆದುಕೊಂಡು ಸಂತೆಗೆ ಹೋಗುತ್ತಾರೆ. ಮಾತ್ರೆ ಮುಂದುವರಿದಿದೆ, ಮುಂದಿನ ತಿಂಗಳು ಯಕೃತ್ತಿನ ಪರೀಕ್ಷೆ ಮತ್ತೊಮ್ಮೆ ಆಗಬೇಕು.