ಕ್ವೀನ್ಸ್‌ನಲ್ಲಿ ಮನೆ ಹತ್ತಿರದ ಪಬ್ಲಿಕ್ ಹೈಸ್ಕೂಲ್ ಸಾಕಾ?

ಮಗ ಎಂಟನೇ ಕ್ಲಾಸು, ಈಗಷ್ಟೇ ನ್ಯೂಯಾರ್ಕ್‌ನ ಕ್ವೀನ್ಸ್‌ಗೆ ಬಂದಿದ್ದೇವೆ, ಮನೆ ಹತ್ತಿರದ ಪಬ್ಲಿಕ್ ಹೈಸ್ಕೂಲಿಗೆ ಹಾಕಬಹುದಾ, ಇಲ್ಲಾ ಪ್ರವೇಶ ಪರೀಕ್ಷೆ ಬರೆದು ಸೇರುವ ಸ್ಟೈವೆಸೆಂಟ್ ಹೈಸ್ಕೂಲ್ ಥರದ್ದೇ ಬೇಕಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಬಹುದು. ನನ್ನ ಮಗಳು ಕ್ವೀನ್ಸ್‌ನಲ್ಲೇ ಅಂಥ ಶಾಲೆಯಲ್ಲಿ ನಾಲ್ಕು ವರ್ಷ ಓದಿದಳು.

ಆದರೆ ಅರ್ಜಿ ತುಂಬುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಊರಲ್ಲಿ 400ಕ್ಕೂ ಹೆಚ್ಚು ಪಬ್ಲಿಕ್ ಹೈಸ್ಕೂಲುಗಳಿವೆ, ಇಷ್ಟದ ಕ್ರಮದಲ್ಲಿ ಪಟ್ಟಿ ಕೊಡಬೇಕು. ನಾವು ಹಾಕಿದಾಗ 12 ಜಾಗ ಇತ್ತು. ಮಗಳು ಆಸೆಪಟ್ಟ ಶಾಲೆ ಹೇಗೂ ಸಿಗಲ್ಲ, ಮೊದಲ ಜಾಗ ಸುಮ್ನೆ ಯಾಕೆ ಹಾಳು ಮಾಡೋದು ಅಂತ ಅದನ್ನು ಐದಕ್ಕೆ ತಳ್ಳಿದೆ. ಬುದ್ಧಿವಂತಿಕೆ ಅಂದುಕೊಂಡಿದ್ದೆ. 2003ರಲ್ಲಿ ಬಂದ ಈ ಸೀಟು ಹಂಚಿಕೆಯ ಲೆಕ್ಕವೇ ಬೇರೆ. ಮೊದಲನೆಯದು ಸಿಗದೆ ಎರಡನೆಯದಕ್ಕೆ ಹೋದರೆ, ಅದನ್ನೇ ಮೊದಲು ಬರೆದವರಷ್ಟೇ ಅವಕಾಶ ನಿಮ್ಮ ಮಗನಿಗೂ ಇರುತ್ತದೆ. ಎಷ್ಟನೆಯದಾಗಿ ಬರೆದಿರಿ ಅಂತ ಶಾಲೆಗೆ ಕಾಣುವುದೂ ಇಲ್ಲ. ಇದನ್ನು ರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಾನು ಅವರಿಗೇ ಚಳ್ಳೆಹಣ್ಣು ತಿನ್ನಿಸೋಕೆ ಹೋಗಿದ್ದೆ! ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬರೆದಿದ್ದ ಮನೆ ಹತ್ತಿರದ ಶಾಲೆಯೇ ಸಿಕ್ಕಿತು. ಎರಡು ವಾರ ಮಗಳು ನನ್ನ ಜೊತೆ ಮಾತು ಬಿಟ್ಟಳು.

ಶಾಲೆ ಚೆನ್ನಾಗಿಯೇ ಇತ್ತು. ಮಕ್ಕಳು ಮಾತ್ರ ಜಾಸ್ತಿ. ಎಲ್ಲರಿಗೂ ಒಟ್ಟಿಗೆ ಕೂರಲು ಜಾಗ ಸಾಲದು ಅಂತ ಊಟಕ್ಕೆ ಪಾಳಿ. ಅವಳ ಪಾಳಿ ಬೆಳಿಗ್ಗೆ ಹತ್ತಕ್ಕೆ! ಊಟ ಎಲ್ಲರಿಗೂ ಉಚಿತವೇ, ಆದರೆ ತಿಂಡಿ ಹೊತ್ತಲ್ಲಿ ಊಟ ಯಾರಿಗೆ ಸೇರುತ್ತೆ ಹೇಳಿ. ಮೂರು ಗಂಟೆಗೆ ಬಂದವಳು ಬ್ಯಾಗ್ ಇಳಿಸುವ ಮೊದಲೇ ಫ್ರಿಜ್ ಬಾಗಿಲು ತೆಗೆಯುತ್ತಿದ್ದಳು. ಇಷ್ಟು ಮಕ್ಕಳಿದ್ದಾಗ ಒಂದು ಅನುಕೂಲವೂ ಇದೆ. ಎಪಿ ಅನ್ನೋ ಕಾಲೇಜು ಮಟ್ಟದ ಕ್ಯಾಲ್ಕ್ಯುಲಸ್‌ಗೂ ಒಂದು ಕ್ಲಾಸ್ ತುಂಬುತ್ತೆ, ಆರ್ಕೆಸ್ಟ್ರಾಕ್ಕೂ ಪಿಟೀಲಿನವರು ಸಿಗುತ್ತಾರೆ. ತೀರಾ ಸಣ್ಣ ಶಾಲೆಗಳಲ್ಲಿ ಇದು ಕಷ್ಟ.

ಸ್ಟೈವೆಸೆಂಟ್‌ಗೆ ಎಸ್‌ಎಚ್‌ಎಸ್‌ಎಟಿ ಅನ್ನೋ ಒಂದೇ ಪರೀಕ್ಷೆ, ಮಾರ್ಕ್ಸ್ ಕಾರ್ಡ್ ಕೇಳಲ್ಲ. ಬರೆಸಿ, ಅದರಿಂದ ಈ ಪಟ್ಟಿಗೇನೂ ತೊಂದರೆ ಇಲ್ಲ. ಆದರೆ ಶಾಲೆ ಇರುವುದು ಮ್ಯಾನ್‌ಹಟನ್‌ನ ಕೆಳತುದಿಯಲ್ಲಿ. ದಿನಾ ಸಬ್‌ವೇಯಲ್ಲಿ ಅಷ್ಟು ದೂರ ಹೋಗಿ ಬರಲು ಮಗ ತಯಾರಿದ್ದಾನಾ ಅಂತ ಅವನನ್ನೇ ಕೇಳಿ.

ನಿಮ್ಮ ವಿಳಾಸಕ್ಕೆ ಸೇರಿದ ಹೈಸ್ಕೂಲ್ ಇದೆಯಾ ಅಂತ ಅರ್ಜಿ ಹಾಕುವ ಮೈಸ್ಕೂಲ್ಸ್ ತಾಣದಲ್ಲಿ ನೋಡಿ, ಎಲ್ಲ ಬಡಾವಣೆಗೂ ಇರಲ್ಲ. ಇದ್ದರೆ ಪಟ್ಟಿಯ ಕೊನೆಯಲ್ಲಾದರೂ ಅದನ್ನು ಬರೆಯಿರಿ. ಬರೆಯದಿದ್ದರೆ ಪಕ್ಕದ ಬೀದಿಯಲ್ಲೇ ಮನೆ ಇದ್ದರೂ ಆ ಸೀಟು ನಿಮಗೆ ಅಂತ ಕಾದಿರಲ್ಲ. ಒಂದು ದಿನ ಶಾಲೆ ಬಿಡೋ ಹೊತ್ತಿಗೆ ಗೇಟ್ ಎದುರು ಹೋಗಿ ನಿಂತು ಮಕ್ಕಳನ್ನೂ ನೋಡಿ ಬನ್ನಿ. ಶಾಲೆ ತೋರಿಸೋಕೆ ಕರೆಯುವ ಓಪನ್ ಹೌಸ್‌ನಲ್ಲಿ ಎಲ್ಲರೂ ಇಸ್ತ್ರಿ ಮಾಡಿದ ಮುಖ ಹಾಕಿಕೊಂಡಿರ್ತಾರೆ.