ಬೋನಿನ್ಯಾಗ ಇಲಿ ನಿಲ್ಲವಲ್ದು, ಏನ್ ಮಾಡೂದ್ರಿ?

ಪ್ರಶ್ನೆ: ನಮ್ದು ಇಳಕಲ್ಲ ರೀ, ಮನ್ಯಾಗ ಕುಣಿ ಮಗ್ಗ ಐತಿ. ಸಣ್ಣ ಇಲಿ ಭಾಳ ಆಗ್ಯಾವ, ಹಾಸಿನ ನೂಲು, ಅಂದ್ರ ಮಗ್ಗದ ಉದ್ದಕ್ಕ ಬಿಗಿದ ಎಳಿ, ಕಡದು ಹಾಕ್ತಾವ, ಎಳಿ ಹುಡುಕಿ ಗಂಟ ಹಾಕೂದ್ರಾಗ ಅರ್ಧಾ ದಿನಾ ಹೋಕ್ಕೈತಿ. ಗಣಪ್ಪನ ಹಬ್ಬದ ಮರುದಿನ ಇಲಿವಾರ ಅಂತ ಇಲಿ ಪೂಜಿ ಮಾಡೂ ಮಂದಿ ನಾವು, ಇಲಿ ಕೊಲ್ಲಾಕ ನಮ್ಮ ಅತ್ತಿ ಬಿಡಂಗಿಲ್ಲ. ಸಂತ್ಯಾಗ ತಂತಿ ಬೋನು ತಂದ್ವಿ, ರಾತ್ರಿ ಇಟ್ಟ ರೊಟ್ಟಿ ಬೆಳಗಾಗೂದ್ರಾಗ ಖಾಲಿ, ಬೋನಿನ ಬಾಗ್ಲಾ ಬಿದ್ದಿರ್ತೈತಿ, ಇಲಿ ಮಾತ್ರ ಇರಂಗಿಲ್ಲ. ಸಿಕ್ಕ ಒಂದೆರಡನ್ನ ಹಿತ್ತಲದಾಗ ಬಿಟ್ರ ಮತ್ತ ಒಳಗ ಬರ್ತಾವ.

ಉತ್ತರ: ಅಕ್ಕಾರ, ಬಾಗ್ಲಾ ಬಿದ್ದೂ ಇಲಿ ಇಲ್ಲಂದ್ರ ಅದು ತಂತಿ ಸಂದ್ಯಾಗ ತೂರಿ ಹೋಗೈತಿ. ಆ ಬೋನು ಹೆಗ್ಗಣಕ್ಕ ಮಾಡಿದ್ದಿರಬೇಕು, ಸಣ್ಣ ಇಲಿಗೆ ಪೆನ್ಸಿಲ್ ದಪ್ಪದ ಸಂದಿ, 6-7 ಮಿಲಿಮೀಟರ್, ಸಿಕ್ರ ಸಾಕು. ಸಣ್ಣ ಕಣ್ಣಿನ ಜಾಳಗಿದು ಇಲ್ಲಾ ಮುಚ್ಚಿದ ಡಬ್ಬಿ ಥರದ್ದು ತಗೋರಿ. ಒಂದಲ್ಲ, ನಾಕೈದು. ಯಾಕಂದ್ರ ಇವು ಗೂಡಿನಿಂದ ಭಾಳ ದೂರ ಅಡ್ಡಾಡಂಗಿಲ್ಲ, ಹತ್ತು ಮೀಟರ್ ಒಳಗ ಇವುಗಳ ಸಂಸಾರ, ಅದ್ಕ ಅಡಗಿ ಮನ್ಯಾಗ ಬೋನಿಟ್ಟು ಮಗ್ಗದ ಇಲಿ ಬೀಳ್ಲಿ ಅಂದ್ರ ಬೀಳಂಗಿಲ್ಲ. ಮಗ್ಗದ ಕುಣಿ ಕತ್ಲಿ ಇರ್ತೈತಿ, ಬೆಚ್ಚಗಿರ್ತೈತಿ, ಮ್ಯಾಲ ಹಾಸಿನ ನೂಲಿಗೆ ಹಾಕಿದ ಗಂಜಿ ತಿನ್ನಾಕ, ನೂಲು ಗೂಡಿಗೆ, ಇಲಿಗೆ ಇನ್ನೇನ್ ಬೇಕ್ ಹೇಳ್ರಿ. ಕುಣಿ ಹತ್ರ ಗ್ವಾಡಿಗೆ ಹಚ್ಚೇ ಇಡ್ರಿ, ಇಲಿ ನಡುಮನ್ಯಾಗ ಓಡಾಡಂಗಿಲ್ಲ, ಗ್ವಾಡಿ ಹಿಡಕೊಂಡ ಹೋಗ್ತೈತಿ. ಎರಡು ರಾತ್ರಿ ಏನೂ ಬೀಳ್ಲಿಲ್ಲಂದ್ರ ಜಾಗಾ ಬದ್ಲಿ ಮಾಡ್ರಿ. ರೊಟ್ಟಿ ಬ್ಯಾಡ, ಹುರಿದ ಶೇಂಗಾ ಕುಟ್ಟಿ ಬೆಲ್ಲದ ಜೋಡಿ ಕಲಸಿ ಕಡ್ಲಿ ಕಾಳಿನಷ್ಟು ಕೊಂಡಿಗೆ ಒತ್ತಿ ಹಚ್ರಿ, ಎಳದು ತಿನ್ನಬೇಕಂದ್ರ ಬಾಗ್ಲಾ ಬೀಳಬೇಕು.

ಹಿತ್ತಲದಾಗ ಬಿಟ್ಟಿದ್ದು ವಾಪಸ್ ಬರೂದು ತೂತು ತೆರದಾವ ಅಂತ. ಭಾಳ ಮಂದಿ ಇಲ್ಲೇ ತಪ್ಪು ದಾರಿ ಹಿಡಿತಾರ, ಗಾಡಿ ಮ್ಯಾಲ ಒಯ್ದು ಊರ ಹೊರಗ ಬಿಟ್ಟು ಪುಣ್ಯಾ ಬಂತು ಅಂತಾರ, ಆದ್ರ ಗೊತ್ತಿಲ್ಲದ ಬಯಲಾಗ ಬಿಟ್ಟ ಮನಿ ಇಲಿಗೆ ನೀರು ಎಲ್ಲಿ, ಅಡಗೂದು ಎಲ್ಲಿ ತಿಳಿಯಂಗಿಲ್ಲ, ಹೆಚ್ಚಿನವು ಹಕ್ಕಿ ಬೆಕ್ಕಿನ ಪಾಲಾಗ್ತಾವ. ಅತ್ತಿಯವರು ಕೊಲ್ಲಬ್ಯಾಡ ಅಂದಿದ್ದು ಇದಕ್ಕಲ್ಲ. ಮೊದ್ಲ ತೂತು ಮುಚ್ರಿ. ಪಾತ್ರಿ ತಿಕ್ಕೂ ಸ್ಟೀಲ್ ಜುಂಜು ಒಳಗ ಒತ್ತಿ ಮ್ಯಾಲ ಸಿಮೆಂಟ್ ಮೆತ್ರಿ, ಬರೇ ಸಿಮೆಂಟ್ ಹಸಿ ಇದ್ದಾಗ ಕೆರದ ಬಿಡ್ತಾವ. ಬಚ್ಚಲ ಪೈಪಿಗೆ ಜಾಳಗಿ, ಬಾಗ್ಲದ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ. ಆಮ್ಯಾಲ ಒಳಗ ಉಳದಿದ್ದನ್ನ ಹಿಡದು, ಮನಿ ಹತ್ರನ ಕಂಟಿ ಕಲ್ಲು ಇರೂ ಕಡೆ ಸಂಜಿಮುಂದ ಬಿಡ್ರಿ. ಇನ್ನೊಬ್ರ ಮನಿ, ಗೋಡೌನ್ ಹತ್ರ ಮಾತ್ರ ಬ್ಯಾಡ.

ಬೋನು ಮುಂಜಾನಿ ಸಂಜಿ ನೋಡಾಕಬೇಕು, ಇದನ್ನ ಮರಿಬ್ಯಾಡ್ರಿ. ಸಣ್ಣ ಜೀವ, ಉಪಾಸ ತಡಿಯಂಗಿಲ್ಲ, ಗಾಬರಿಗೇ ಸಾಯ್ತೈತಿ, ನಮ್ಮ ಬಾಗಲಕೋಟಿ ಕಡೆ ಬ್ಯಾಸಗಿ ಬಿಸಿಲು ಬಿದ್ದ ತಗಡಿನ ಡಬ್ಬಿ ಅಂತೂ ಒಲಿನೇ. ಒಳಗ ಒಂಚೂರು ಹತ್ತಿ, ಸೌತಿಕಾಯಿ ಹೋಳು ಇಡ್ರಿ. ನೀವು ಊರಿಗೆ ಹೋಗೂದಿದ್ರ ಬೋನು ಹಚ್ಚಬ್ಯಾಡ್ರಿ. ಸಿಕ್ಕ ಹೆಣ್ಣಿಲಿ ಹೊಟ್ಟಿ ಮ್ಯಾಲ ಮೊಲಿ ಎದ್ದು ಕಾಣ್ತಿದ್ರ ಎಲ್ಲೋ ಮರಿ ಅದಾವ ಅಂತ, ಗೂಡು ಹುಡುಕಿ ಮರಿ ಸಮೇತ ಬಿಡ್ರಿ. ಸುಮಾರು 20 ದಿನಕ್ಕ ಹೊಸಾ ಮರಿ ಹಾಕೂ ಜಾತಿ ಇದು, ಅದ್ಕ ಎಲ್ಲಾ ಬೋನು ಒಮ್ಮೆಲೇ ಇಡೂದು ಚಲೋ.

ಅಂಟಿನ ರಟ್ಟು ತರಬ್ಯಾಡ್ರಿ, ಚರ್ಮಾ ಹರಕೊಂಡು ತಾಸುಗಟ್ಲೆ ಒದ್ದಾಡಿ ಸಾಯ್ತಾವ. ಟ್ಯೂಬಿನ ವಿಷದ ಪೇಸ್ಟು ಇನ್ನೂ ಕೆಟ್ಟದ್ದು, ಹಳದಿ ರಂಜಕ ಇದ್ದಿದ್ದು ಮಕ್ಕಳ ಬಾಯಿಗೆ ಹೋದ್ರ ಲಿವರ್ ಕೆಡ್ತೈತಿ, ಅದಕ್ಕ ಪ್ರತಿವಿಷಾನೇ ಇಲ್ಲ.

ಹಿಕ್ಕಿ ಒಣಾ ಕಸಬರಿಗೀಲೆ ಗುಡಿಸಬ್ಯಾಡ್ರಿ, ಬ್ಲೀಚಿಂಗ್ ನೀರು ಹಾಕಿ ತೋಯ್ಸಿ ಒರಸ್ರಿ. ಕೈಗೆ ಗ್ಲೌಸ್ ಇರ್ಲಿ, ಇಲಿ ಜ್ವರ ಉಚ್ಚಿಯಿಂದ ಬರ್ತೈತಿ, ಕೈಮ್ಯಾಲ ಗಾಯ ಇದ್ರ ಇನ್ನೂ ಹುಷಾರು.

ಪ್ರಶ್ನೆ: ವಿಜಯಪುರದಿಂದ. ನಮ್ಮ ಬೋನಿನ್ಯಾಗ ಮೂತಿ ಚೂಪ ಇರೂದು, ನಾತ ಹೊಡಿಯೂದು ಬಿದ್ದೈತಿ. ಇದೂ ಇಲಿನೇ ಏನ್ರಿ?

ಉತ್ತರ: ಅಲ್ರಿ, ಅದು ಸುಂಡಿಲಿ. ಹುಳಾ, ಜೊಂಡಿಗ್ಯಾ ತಿಂದು ಬದುಕೂದು, ಜೋಳದ ಚೀಲಕ್ಕ ಕೈ ಹಚ್ಚಂಗಿಲ್ಲ. ತಡಾ ಮಾಡ್ದ ಅಂಗಳಕ್ಕ ಬಿಡ್ರಿ, ಇಲಿಗಿಂತಾ ಬೇಗ ಹಸಿವಿಗೆ ಸಾಯ್ತೈತಿ.